ಹನ್ನೊಂದು ಮೀಟರು

ನನ್ನ ಕಸುಬು ಕಾರ್ಪೆಟ್ ಹಾಸುವುದು.
ಲೀಡ್ಸ್ ಊರಿನ ಅರ್ಧ ಮೆಟ್ಟಿಲುಗಳ ಲೆಕ್ಕ
ನನ್ನ ಮಂಡಿಚಿಪ್ಪಿನಲ್ಲಿದೆ.
ಹನ್ನೊಂದು ಮೀಟರೆಂದರೆ ಎಷ್ಟು ಅಂತ
ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ:
ಒಂದು ಹಜಾರ, ಅದರಾಚೆ ಊಟದ ಕೋಣೆ,
ಬಾಗಿಲ ಬಳಿ ಮಿಕ್ಕುವ ತುಂಡು,
ನಾಯಿ ಮಲಗುವಷ್ಟು.

ಏಪ್ರಿಲ್ ಹದಿನಾರರ ಬೆಳಿಗ್ಗೆ
ಕೌನ್ಸಿಲ್ಲಿನ ಪತ್ರ ಫೋನಿಗೆ ಬಂತು.
ನಿಮ್ಮ ಬಾಗಿಲಿನಿಂದ ಶಾಲೆಯ ಗೇಟಿಗೆ
ಐನೂರ ಮೂವತ್ತೆಂಟು ಮೀಟರು.
ಕೊನೆಯ ಸೀಟು ಐನೂರ ಇಪ್ಪತ್ತೇಳಕ್ಕೆ ಮುಗಿದಿದೆ.
ಮೆರಿಯಲ್ ಎರಡು ಸಲ ಓದಿದಳು,
ಮೂರನೆಯ ಸಲ ನನ್ನ ಮುಖ ನೋಡಿದಳು,
ಈ ಮನೆಯನ್ನು ಇಷ್ಟು ಹಿಂದೆ ಸರಿಸಿ ಕಟ್ಟಿದವನು
ನಾನೇ ಎಂಬಂತೆ.

ಟೇಪು ಹಿಡಿದು ಬೀದಿಗಿಳಿದೆ. ನಗಬೇಡಿ.
ಅವರದು ನೆಟ್ಟಗಿನ ಗೆರೆಯಂತೆ.
ಅದು ಪಕ್ಕದ ಮನೆಯ ಕೋಳಿಗೂಡು ದಾಟಿ
ಗೋಡೆ ಹತ್ತಿ, ರೈಲು ಹಳಿಯ ಮೇಲಿಂದ ಹೋಗುತ್ತದೆ.
ಬೆಕ್ಕು ಹೋದೀತು, ಮಗು ಹೋಗಲಾರದು.
ಎದುರು ಸಾಲಿನ ಹೋಲ್ರಾಯ್ಡರಿಗೆ ಸಿಕ್ಕಿತು.
ನಡುವೆ ಇರುವುದು ಒಂದು ರಸ್ತೆ.
ಪಾಪ, ಈಗ ಕಸದ ಡಬ್ಬಿಯನ್ನೂ
ಕತ್ತಲಾದ ಮೇಲೆ ಹೊರಗಿಡುತ್ತಾರೆ.

ಹೋದ ಆಗಸ್ಟಿನಲ್ಲಿ
ಅದೇ ಶಾಲೆಯ ಚಿಕ್ಕ ಮಕ್ಕಳ ಕೋಣೆಗೆ
ನೀಲಿ ಕಾರ್ಪೆಟ್ ಹಾಸಿದವನು ನಾನು.
ರೇಡಿಯೇಟರ್ ಪಕ್ಕದ ಮೂಲೆಯಲ್ಲಿ,
ಕೂತರೆ ಬೆನ್ನು ಬೆಚ್ಚಗಿರುವ ಕಡೆ,
ಅಡಿಹಾಸು ಎರಡು ಪದರ ಕೊಟ್ಟೆ,
ಬಿಲ್ಲಿಗೆ ಸೇರಿಸದೆ.
ಯಾರಿಗೆಂದು ಆಗ ಗೊತ್ತಿತ್ತು.

ಮೇ ತಿಂಗಳಲ್ಲಿ ಒಂದು ಕರೆ.
ಶಾಲೆಯ ಹಿಂದಿನ ಬೀದಿ, ಮೂರನೇ ಮಹಡಿ.
ಬಾಡಿಗೆಯವರು ಬಿಡುತ್ತಿದ್ದಾರೆ,
ಕಲೆಯಿದ್ದರೆ ಹೇಳು, ಮುಂಗಡದಲ್ಲಿ ಮುರಿದುಕೊಳ್ಳುತ್ತೇನೆ
ಎಂದ ಮಾಲೀಕ.
ನವೆಂಬರಿನಲ್ಲಿ ನನ್ನ ಕೈಯಾರೆ ಹಾಸಿದ ಕಂದು ಕಾರ್ಪೆಟ್ಟು.
ಬಾಗಿಲು ತೆರೆದೆ.
ಮಂಚದ ಕಾಲಿನ ನಾಲ್ಕು ಗುಳಿ ಇಲ್ಲ.
ಸೋಫಾ ಕೂತೆದ್ದ ಗುರುತಿಲ್ಲ. ಚೆಲ್ಲಿದ ಹಾಲಿಲ್ಲ.
ಕಿಟಕಿಯವರೆಗೂ ಒಂದೊಂದು ಎಳೆಯೂ
ನಾನು ಅಂದು ಬಾಚಿಬಿಟ್ಟ ದಿಕ್ಕಿಗೇ
ಅಲುಗದೆ ಮಲಗಿತ್ತು.
ಬಾಗಿಲ ಹಿಂದೆ ಮಾತ್ರ ಪತ್ರಗಳ ರಾಶಿ:
ಗ್ಯಾಸು, ನೀರು, ಕೌನ್ಸಿಲ್ಲು.
ಕಾಗದದ ಮೇಲೆ ಆರು ತಿಂಗಳು
ಒಂದು ಸಂಸಾರ ಇಲ್ಲಿ ಉಂಡು ಮಲಗಿತ್ತು.

ಮಂಡಿಯೂರಿದೆ, ರೂಢಿಯ ಹಾಗೆ.
ಖಾಲಿ ನೆಲದ ಫೋಟೋ ತೆಗೆದೆ.
ಅಳಿಸಿದೆ. ಮತ್ತೆ ತೆಗೆದೆ.
ಒಂದು ಲಕೋಟೆಯ ಮೇಲೆ ಹುಡುಗನ ಹೆಸರು:
ಕ್ರಿಸ್ಪಿನ್, ಹಲ್ಲು ತೋರಿಸಲು ಬರಬೇಕು,
ಜತೆಗೆ ಮೊಸಳೆಯ ಚಿತ್ರ, ಬಾಯಿ ತೆರೆದದ್ದು.
ಹಲ್ಲು ಬೀಳುವ ವಯಸ್ಸೂ ಅಲ್ಲ ಅವನದು.
ಅವನು ಯಾವ ಕರಾರಿಗೆ ಸಹಿ ಹಾಕಿದ?
ನನ್ನ ಕೈಗೂ ದುಡ್ಡು ಹತ್ತಿದ್ದರೆ
ನಾನು ಹಾಕುತ್ತಿರಲಿಲ್ಲವೇ?
ಹಾಕುತ್ತಿದ್ದೆ. ಅದೇ ಉರಿ.

ಮಾಲೀಕನಿಗೆ ಚೀಟಿ ಬರೆದುಕೊಟ್ಟೆ:
ಒಂದೂ ಕಲೆ ಇಲ್ಲ.

ಸಂಜೆ ಹೆಟ್ಟಿ ಟೇಪಿನ ತುದಿ ಹಿಡಿದು
ಹೊಸಿಲು ದಾಟಿ ಗೇಟಿನ ಕಡೆ ಹೊರಟಳು.
ಎಳೆದಷ್ಟೂ ಶಾಲೆ ಈಚೆ ಬರುತ್ತದೆಂದು
ಯಾರು ಹೇಳಿದರೋ ಅವಳಿಗೆ.
ಸಾಕಾ ಅಪ್ಪ? ಇನ್ನೂ ಬೇಕಾ?
ನನ್ನ ಟೇಪು ಎಂಟೇ ಮೀಟರಿನದು.
ಹಳದಿ ನಾಲಿಗೆ ಗಾಳಿಯಲ್ಲಿ ನಡುಗುತ್ತ ನಿಂತಿತು.
ಬಿಡು ಮಗಳೇ, ಅಂದೆ.
ಬಿಡಲಿಲ್ಲ.
ಬಿಟ್ಟರೆ ಅದು ಸರ್ರನೆ ಹಿಂದಕ್ಕೋಡಿ
ಯಾರ ಬೆರಳು ಕಚ್ಚುತ್ತದೆಂದು
ಅವಳಿಗೆ ಗೊತ್ತು.
ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು
ಹೆಜ್ಜೆ ಹೆಜ್ಜೆಯಾಗಿ ಅವಳೇ
ನನ್ನ ಕಡೆ ನಡೆದು ಬಂದಳು.
ಫೋಟೋ ಇನ್ನೂ ಫೋನಿನಲ್ಲಿದೆ.